ಆ ಜಾಯಿಂಟು ನಂದು

ಆಪರೇಟ್ರು ಒಂದು ಹಳೇ ಹಾಸ್ಯ ಸಿನಿಮಾವನ್ನು ಉಳಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಪಾಂಡವಪುರದ ವಾಟ್ಸಾಪ್ ಗುಂಪುಗಳಲ್ಲಿ ಅವರ ಫೋಟೋದ ಕೆಳಗೆ ಹಾಗೇ ಇದೆ. ಪತ್ರಿಕೆಯ ಜಿಲ್ಲಾ ಪುಟದಲ್ಲೂ ಹಾಗೇ ಬಂತು: ಟೆಂಟ್ ಸಿನಿಮಾ ಕಾಲದ ಮುಗ್ಧ ಹಿರಿಯರೊಬ್ಬರು ಅಪರೂಪದ ಪ್ರಿಂಟೊಂದನ್ನು ಬೆಲೆ ಗೊತ್ತಿಲ್ಲದೆಯೇ ಹಳೇ ಸಾಮಾನಿನ ನಡುವೆ ಇಟ್ಟುಕೊಂಡಿದ್ದರು, ಅದೃಷ್ಟವಶಾತ್ ಅದು ತಿಳಿದವರ ಕಣ್ಣಿಗೆ ಬಿದ್ದು ಉಳಿಯಿತು.

ಈ ಒಂದು ವಾಕ್ಯದಲ್ಲಿ ನಾಲ್ಕು ಸುಳ್ಳಿದೆ. ಅವರು ಮುಗ್ಧರಲ್ಲ. ಬೆಲೆ ಗೊತ್ತಿತ್ತು. ಅದೃಷ್ಟದಿಂದ ಏನೂ ನಡೆಯಲಿಲ್ಲ. ನಾಲ್ಕನೆಯದು ಹೇಳದೆ ಬಿಟ್ಟ ಸುಳ್ಳು, ಅದೇ ಮುಖ್ಯ: ಆ ಸಿನಿಮಾವನ್ನು ಮೊದಲು ಕೆಡಿಸಿದವರೇ ಅವರು. ಇದು ನನ್ನ ಆರೋಪವಲ್ಲ, ಅವರದೇ ಮಾತು. ಎದುರಿಗೆ ಯಾರು ಕೂತಿದ್ದರೂ ಹೇಳೋರು, "ಕತ್ತರಿಸಿದೋನು ನಾನೇ ಕಣ್ಲಾ. ಆ ಜಾಯಿಂಟು ನಂದು." ಒಬ್ಬ ಮನುಷ್ಯ ಬಾಯಿಬಿಟ್ಟು ಒಪ್ಪಿಕೊಂಡ ತಪ್ಪನ್ನು ಅವನು ಸತ್ತ ವಾರದಲ್ಲೇ ಒರೆಸಿಹಾಕಿ, ಅದನ್ನು ಗೌರವ ಎಂದು ಕರೆಯುತ್ತಾರೆ. ನಾನು ಒಪ್ಪುವುದಿಲ್ಲ.

ಅವರ ಮನೆ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ. ಟೆಂಟುಗಳು ಎತ್ತಿಹೋದ ಮೇಲೆ ಪಾಂಡವಪುರದ ಥಿಯೇಟರಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಊರಿಗೆಲ್ಲ ಆಪರೇಟ್ರು. ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಮೊದಲ ಸಲ ಕಪ್ ಗೆದ್ದು ತಂದ ದಿನ ಬೀದಿಯಲ್ಲೇ ತಡೆದು ಕೇಳಿದರು.

"ಏನವ್ವ, ಪರ ಮಾತಾಡ್ದಾ, ವಿರೋಧ ಮಾತಾಡ್ದಾ?"

"ವಿರೋಧ ತಾತ."

"ನಂಬ್ಕಂಡು ಮಾತಾಡ್ದಾ?"

"ಇಲ್ಲ. ಚೀಟಿ ಎತ್ತಿಸಿದ್ರು, ವಿರೋಧ ಬಂತು."

"ಅಂಗಾರೆ ಕಪ್ಪ ಚೀಟಿಗೆ ಕೊಡ್ಬೇಕಾಗಿತ್ತು ಬುಡು."

ಅವತ್ತಿನಿಂದ ನನ್ನ ಹೆಸರು ಚೀಟಿ. ಹೊಗಳುವಾಗಲೂ ಚೀಟಿ, ಬೈಯುವಾಗಲೂ ಚೀಟಿ.

ಅವರಿಗೆ ಒಂದು ಅಭ್ಯಾಸ. ಕೈಗೆ ಏನು ಸಿಕ್ಕರೂ ಅದರ ಅಂಚಿನ ಮೇಲೆ ಹೆಬ್ಬೆರಳು ಓಡಿಸುವುದು. ಬಸ್ ಟಿಕೇಟು, ದೋಸೆ, ನನ್ನ ಹಾಲ್ ಟಿಕೇಟು. ನನ್ನ ಅಮ್ಮನ ಹೊಸ ಸೀರೆಯ ಸೆರಗನ್ನೂ ಹಾಗೇ ತೀಡಿ ನೋಡಿ, "ಇಲ್ಲಿ ಮಗ್ಗದೋನು ಎದ್ದೋಗಿ ಬಂದವ್ನೆ" ಅಂದರು. ಅಮ್ಮನಿಗೆ ಕೋಪ ಬಂತು. ಆಮೇಲೆ ಬೆಳಕಿಗೆ ಹಿಡಿದು ನೋಡಿದಾಗ ಅಲ್ಲಿ ನಿಜವಾಗಿ ಒಂದು ಎಳೆ ದಪ್ಪಗಿತ್ತು. ಅದಕ್ಕೆ ಇನ್ನೂ ಕೋಪ ಬಂತು.

ಸಿನಿಮಾದಲ್ಲೇ ಬದುಕು ಕಳೆದ ಈ ಮನುಷ್ಯ ಸಿನಿಮಾ ನೋಡಿರಲಿಲ್ಲ. "ನಾನು ನೋಡಿರಾದು ಮಿಸೀನ್ ದೀಪದ ಕಾರ್ಬನ್ ಕಡ್ಡಿ ಕಣವ್ವ. ಅದು ಉರೀತಾ ಸವೀತದೆ, ನಾವು ಸರಿಸ್ತಾ ಇರ್ಬೇಕು. ಕಣ್ಣು ಆ ಕಡೆ ಬುಟ್ರೆ ಪರದೆ ಮ್ಯಾಲೆ ಕತ್ಲು. ಯಾವಾಗಾನ ಜನ ಜೋರಾಗಿ ನಕ್ರೆ ಮಾತ್ರ ಕಿಂಡೀಲಿ ಇಣುಕ್ತಿದ್ದೆ. ಪರದೇನಲ್ಲ, ನಗೋರ್ನ."

ಒಳ್ಳೆಯ ಗುಣಗಳ ಪಟ್ಟಿ ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಯಾರಿಗೂ ಉಪಕಾರ ಸ್ಮರಣೆ ಮಾಡಿದವರಲ್ಲ. ಅವರ ಜೊತೆ ಊರೂರು ಸುತ್ತಿದ ಎರಡು ವರ್ಷದಲ್ಲಿ ನನ್ನ ಸ್ಕೂಟರಿನ ಬಗ್ಗೆ ಅವರು ಆಡಿದ ಒಂದೇ ಮಾತು, "ಸೀಟು ಗಟ್ಟಿ." ಮೊದಮೊದಲು ನನಗೆ ಫಿಲ್ಮ್ ಮುಟ್ಟಲು ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳ ಕೈ ಬೆವರುತ್ತದಂತೆ. "ಯಾವ ಆಧಾರದ ಮೇಲೆ ಹೇಳ್ತೀರಿ?" ಎಂದು ಒಂದು ವಾರ ಜಗಳವಾಡಿದೆ. ಕೊನೆಗೆ ಇಬ್ಬರ ಅಂಗೈಯನ್ನೂ ಗಾಜಿನ ಮೇಲೆ ಒತ್ತಿಸಿದೆ. ಅವರ ಕೈಯ ಗುರುತೇ ಹೆಚ್ಚು ಒದ್ದೆಯಾಗಿತ್ತು. ಗಾಜನ್ನು ಪಂಚೆಯಲ್ಲಿ ಒರೆಸಿ, "ಮುಟ್ಟು. ಅಂಚು ಹಿಡ್ಕೋ, ಮಧ್ಯ ಮುಟ್ಟಬ್ಯಾಡ" ಅಂದರು. ಅಷ್ಟೇ. ಸೋತೆ ಅನ್ನಲಿಲ್ಲ.

ಈಗ ಅವರ ತಪ್ಪಿನ ವಿಷಯ.

ಟೆಂಟ್ ಕಾಲದ ಆಪರೇಟರುಗಳ ನಡುವೆ ಒಂದು ವ್ಯವಹಾರ ಇತ್ತು. ಅದಕ್ಕೆ ಅವರು ಇಟ್ಟ ಹೆಸರು ಉಪ್ಪಿನಕಾಯಿ. ಒಂದು ಟೆಂಟಿನಲ್ಲಿ ಸಪ್ಪೆ ಸಿನಿಮಾ ಓಡುತ್ತಿದ್ದರೆ, ಪಕ್ಕದೂರಿನ ಟೆಂಟಿನ ಹಾಸ್ಯ ಸಿನಿಮಾದಿಂದ ಜನ ಹೆಚ್ಚು ನಕ್ಕ ತುಂಡನ್ನು ಕತ್ತರಿಸಿ, ಬಸ್ಸಿನಲ್ಲಿ ಕಳಿಸಿ, ಸಪ್ಪೆ ಸಿನಿಮಾದ ಮಧ್ಯೆ ಅಂಟಿಸುವುದು. ವಾರ ಕಳೆದ ಮೇಲೆ ತುಂಡು ವಾಪಸ್ ಬರಬೇಕು, ಇದ್ದ ಜಾಗಕ್ಕೇ ಸೇರಬೇಕು. ಅದು ನೇಮ.

ಆಪರೇಟ್ರು ಆಗ ಕೆ.ಆರ್. ಪೇಟೆಯ ಟೆಂಟಿನಲ್ಲಿದ್ದರು. ಓಡುತ್ತಿದ್ದದ್ದು, ಆಗಲೇ ಹಳೆಯದಾಗಿದ್ದ ಒಂದು ಕಪ್ಪು-ಬಿಳುಪು ಹಾಸ್ಯ ಚಿತ್ರ. ಮಾವನಿಗೆ ಹೆದರಿದ ದಢೂತಿ ಅಳಿಯನೊಬ್ಬ ಕತ್ತಲಲ್ಲಿ ಮಗುವಿನ ತೊಟ್ಟಿಲೊಳಗೆ ಅವಿತುಕೊಳ್ಳುತ್ತಾನೆ. ಕಣ್ಣು ಕಾಣದ ಅಜ್ಜಿ ಮಗುವೆಂದು ತೂಗುತ್ತಾಳೆ, ಮುದ್ದು ಮಾಡುತ್ತಾಳೆ, ಕೊನೆಗೆ ಕೆನ್ನೆಗೆ ಇಷ್ಟಗಲ ದೃಷ್ಟಿಬೊಟ್ಟು ಇಡುತ್ತಾಳೆ. ಅಲ್ಲಿಂದ ಮುಂದೆ ಅವನು ಆ ಬೊಟ್ಟಿನಲ್ಲೇ ಮನೆಯೆಲ್ಲ ಗತ್ತಿನಿಂದ ಓಡಾಡುತ್ತಾನೆ, ಎಲ್ಲರೂ ಅವನ ಮುಖ ನೋಡುತ್ತಾರೆ, ಯಾಕೆಂದು ಅವನಿಗೆ ಗೊತ್ತಿಲ್ಲ. ಇಡೀ ದ್ವಿತೀಯಾರ್ಧದ ನಗು ಆ ಬೊಟ್ಟಿನ ಮೇಲೆ ನಿಂತಿದೆ.

ನಾಗಮಂಗಲದ ಟೆಂಟಿನಲ್ಲಿ ಒಂದು ಪೌರಾಣಿಕ ಸಿನಿಮಾಗೆ ಜನ ಆಕಳಿಸುತ್ತಿದ್ದರು. ಎರಡೂ ಟೆಂಟು ಒಬ್ಬನೇ ಯಜಮಾನನದು. "ಉಪ್ಪಿನಕಾಯಿ ಕಳ್ಸು" ಎಂದು ಅಪ್ಪಣೆ ಬಂತು. ಆಪರೇಟ್ರು ಒಂಬತ್ತನೇ ರೀಲಿನಿಂದ ತೊಟ್ಟಿಲಿನ ತುಂಡನ್ನು ಕತ್ತರಿಸಿ ಕಳಿಸಿದರು. ನಾಗಮಂಗಲದಲ್ಲಿ ರಾಜಸಭೆ ಮುಗಿಯುತ್ತಿದ್ದಂತೆ ಪಂಚೆ ಉಟ್ಟ ಅಳಿಯ ತೊಟ್ಟಿಲಿಗೆ ಬಿದ್ದ, ಜನ ಹುಚ್ಚೆದ್ದು ಸೀಟಿ ಹೊಡೆದರು. ಕೆ.ಆರ್. ಪೇಟೆಯಲ್ಲಿ ಮಾತ್ರ ಅಳಿಯನ ಕೆನ್ನೆಗೆ ಇದ್ದಕ್ಕಿದ್ದಂತೆ ಬೊಟ್ಟು ಬಂತು, ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ತುಂಡು ವಾಪಸ್ ಬರಲಿಲ್ಲ. ನಾಗಮಂಗಲದಿಂದ ಯಾರೋ ಇಸಕೊಂಡರು, ಅವರಿಂದ ಇನ್ಯಾರೋ.

"ಇಪ್ಪತ್ತು ವರ್ಸದ ಐಕ ನಾನು. ಒಂದು ತುಂಡು ಓದ್ರೆ ಓಯ್ತು, ಇನ್ನೊಂದು ಪ್ರಿಂಟು ಇರ್ತದೆ ಅಂದ್ಕಂಡೆ. ಎಲ್ರೂ ಅಂಗೇ ಅಂದ್ಕಂಡಿದ್ರು ಕಣ್ ಚೀಟಿ. ಅದ್ಕೇ ಒಂದೂ ಉಳೀನಿಲ್ಲ."

ಪಾಂಡವಪುರದ ಥಿಯೇಟರಿಗೆ ಡಿಜಿಟಲ್ ಬಂದು ಹಳೇ ಡಬ್ಬಗಳನ್ನು ಗುಜರಿಗೆ ಹಾಕುವಾಗ, ಅವರ ಹೆಬ್ಬೆರಳು ಒಂದು ರೀಲಿನ ಅಂಚಿನಲ್ಲಿ ನಿಂತಿತು. ತುಂಡು ತೆಗೆದ ಮೇಲೆ ಎರಡು ತುದಿ ಸೇರಿಸಿ ಅವರೇ ಹಾಕಿದ ಜಾಯಿಂಟು. ತೊಟ್ಟಿಲಿಲ್ಲದ ಅದೇ ಹಾಸ್ಯ ಚಿತ್ರ, ಊರೂರು ಸುತ್ತಿ ಅಲ್ಲಿ ಬಂದು ಬಿದ್ದಿತ್ತು. ವಿಚಾರಿಸಿದರೆ ಬೇರೆಲ್ಲೂ ಅದರ ಪ್ರಿಂಟಿಲ್ಲ. ಅಂದಿನಿಂದ ಆರು ವರ್ಷ ತುಂಡಿನ ಹಿಂದೆ ಬಿದ್ದರು. ಮೊದಲ ನಾಲ್ಕು ವರ್ಷ ಬಸ್ಸಿನಲ್ಲಿ, ಮೊಣಕಾಲು ಹಿಡಿದುಕೊಂಡ ಮೇಲೆ ನನ್ನ ಸ್ಕೂಟರಿನಲ್ಲಿ.

ಹುಡುಕಿದ್ದು ಹೇಗೆ? ಜಾಯಿಂಟಿನಿಂದ. ಫಿಲ್ಮ್ ತುಂಡಾದಾಗ ಆಪರೇಟರು ಬ್ಲೇಡಿನಿಂದ ಅಂಚು ಕೆರೆದು, ಅಂಟು ಹಚ್ಚಿ, ಒಂದರ ಮೇಲೊಂದಿಟ್ಟು ಹೆಬ್ಬೆರಳಲ್ಲಿ ಒತ್ತುತ್ತಾನೆ. ಒಬ್ಬ ಮೂಲೆ ಕತ್ತರಿಸುತ್ತಾನೆ, ಒಬ್ಬ ಅಗಲವಾಗಿ ಕೆರೆಯುತ್ತಾನೆ, ಒಬ್ಬನ ಉಗುರು ಕಚ್ಚಿರುತ್ತದೆ. ಯಾವುದು ಯಾರ ಕೈ ಎಂದು ತನಗೆ ಗೊತ್ತು ಅಂತ ಆಪರೇಟ್ರು ಹೇಳಿದಾಗ ನಾನು ನಂಬಲಿಲ್ಲ. ನಂಬಬೇಕಾದ ಕಾರಣವೂ ಇರಲಿಲ್ಲ. ಪರೀಕ್ಷೆ ಮಾಡೋಣ ಅಂದೆ. ಯಾವ ಜಾಯಿಂಟು ಯಾರದ್ದು ಎಂದು ಅವರು ಮೊದಲೇ ಬರೆದಿಟ್ಟಿದ್ದರು. ರೀಲುಗಳನ್ನು ಅದಲು ಬದಲು ಮಾಡಿ, ನನ್ನ ದುಪಟ್ಟಾದಿಂದ ಅವರ ಕಣ್ಣು ಕಟ್ಟಿ, ಹತ್ತು ಜಾಯಿಂಟು ಮುಟ್ಟಿಸಿದೆ. ಒಂಬತ್ತು ಸರಿ. ಹತ್ತನೆಯದನ್ನು ತನ್ನದೆಂದು ಬರೆದಿದ್ದವರು ಈಗ "ನಾಗಮಂಗಲದೋನು" ಅಂದರು.

"ತಪ್ಪು," ಅಂದೆ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಇನ್ನೊಮ್ಮೆ ಮುಟ್ಟಿದರು. "ಬರ್ದಿರಾದು ತಪ್ಪು. ಕೈ ಸರಿ. ಆವಾಗ ನಂಗೆ ಜ್ವರ ಬಂದಿತ್ತು. ಅವನೇ ಬಂದು ಎಲ್ಡು ದಿನ ನನ್ ಟೆಂಟು ನಡೆಸ್ಕೊಟ್ಟ. ಮರ್ತೋಗಿತ್ತು."

"ಅನುಕೂಲಕ್ಕೆ ತಕ್ಕ ಜ್ವರ ತಾತ. ಚರ್ಚೆಯಲ್ಲಿ ಇದಕ್ಕೆ ಅಂಕ ಕೊಡಲ್ಲ."

"ಕೊಡಬ್ಯಾಡ ಓಗು."

ಮುಂದಿನ ತಿಂಗಳು ನಾಗಮಂಗಲಕ್ಕೆ ಹೋದೆವು. ಬಸ್ಸಿನ ದಿನಗಳಲ್ಲಿ ಅವರು ಹೋದಾಗಲೆಲ್ಲ ಅಲ್ಲಿಯ ಆಪರೇಟರ ಮನೆಗೆ ಬೀಗ ಇತ್ತಂತೆ. ಅಲ್ಲಿಯ ಆಪರೇಟರ್ ತೀರಿಕೊಂಡಿದ್ದರು, ಹೆಂಡತಿ ಇದ್ದರು. ಆಪರೇಟ್ರನ್ನು ನೋಡುತ್ತಿದ್ದಂತೆ ಆಕೆ ಶುರು ಮಾಡಿದರು, "ಬಂದ್ಯಾ ಜ್ವರದಣ್ಣ! ನಿನ್ ಟೆಂಟು ನಡೆಸಾಕೆ ಅಂತ ನಮ್ಮೆಜಮಾನ್ರು ಓಗಿ ಕುಂತ್ಕಂಡ್ರೆ ಇಲ್ಲಿ ನನ್ ಒಲೆಗೆ ಸೌದೆ ಇರ್ನಿಲ್ಲ. ಎಷ್ಟು ಬೈದಿದ್ದೆ ಗೊತ್ತಾ ನಿನ್ನ!"

ಜ್ವರದ ಮಾತು ನಾನು ಎತ್ತಿರಲಿಲ್ಲ, ಆಪರೇಟ್ರೂ ಎತ್ತಿರಲಿಲ್ಲ. ಆಪರೇಟ್ರು ನನ್ನ ಕಡೆ ತಿರುಗಲೂ ಇಲ್ಲ. ಆ ತಿರುಗದೇ ಇದ್ದದ್ದು ನನ್ನನ್ನು ಸೋಲಿಸಿದಷ್ಟು ಯಾವ ಎದುರಾಳಿಯೂ ಸೋಲಿಸಿಲ್ಲ.

ಆ ಮನೆಯ ಅಟ್ಟದಲ್ಲಿ ಪೌರಾಣಿಕ ಸಿನಿಮಾದ ಡಬ್ಬಗಳಿದ್ದವು. ಹನ್ನೊಂದನೇ ರೀಲಿನಲ್ಲಿ, ರಾಜಸಭೆಯ ನಂತರ, ಉಪ್ಪಿನಕಾಯಿ ಇದ್ದ ಜಾಗ ಸಿಕ್ಕಿತು. ತುಂಡು ಇರಲಿಲ್ಲ. ಅದನ್ನು ತೆಗೆದವನು ಅಲ್ಲಿ ಹಾಕಿದ ಜಾಯಿಂಟು ಇತ್ತು, ಅಗಲ, ಒರಟು. ಆಪರೇಟ್ರ ಹೆಬ್ಬೆರಳು ಒಂದು ಸಲ ಓಡಿತು. "ಕಿಕ್ಕೇರಿಯೋನು."

ಹಿಂದೆ ಕಿಕ್ಕೇರಿ ಟೆಂಟಿನ ಆಪರೇಟರಾಗಿದ್ದ ಕಿಕ್ಕೇರಿಯವರು ಡೈರಿಗೆ ಹಾಲು ಹಾಕಿ ಕ್ಯಾನು ತೊಳೆಯುತ್ತಿದ್ದರು. "ನಾನಲ್ಲ ಕಣ್ಲಾ. ನಾಗಮಂಗಲದ ಕಡೆ ತಲೆನೂ ಹಾಕಿಲ್ಲ ನಾನು."

ಆಪರೇಟ್ರು ನಾಗಮಂಗಲದಿಂದ ಇಸಕೊಂಡು ತಂದಿದ್ದ ರೀಲಿನ ಆ ಜಾಯಿಂಟನ್ನು ಅವರ ಕೈಗಿಟ್ಟರು. "ಇದ್ಯಾರ ಹೆಬ್ಬೆಟ್ಟು?"

ಅವರು ಬೆಳಕಿಗೆ ಹಿಡಿದರು. "ಥೂ, ಇಷ್ಟಗಲ ಹಾಕ್ತಿದ್ನಾ ನಾನು?"

"ಎಮ್ಮೆ ತುಳ್ದಂಗೆ ಹಾಕ್ತಿದ್ದೆ."

"ಲೇ, ನನ್ ಜಾಯಿಂಟು ಯಾವತ್ತಾದ್ರೂ ಬುಟ್ಕಂಡಿತ್ತೇನ್ಲಾ? ನಿಂದು ಚೆಂದಾಗಿತ್ತು, ಬಿಸಿಲು ಬಿದ್ರೆ ಕಿತ್ಕಂಡು ಬತ್ತಿತ್ತು!"

ಇಬ್ಬರು ಮುದುಕರು ಐವತ್ತು ವರ್ಷದ ಹಿಂದಿನ ಅಂಟಿನ ಬಗ್ಗೆ ಅರ್ಧ ಗಂಟೆ ಕಿತ್ತಾಡಿದರು. ಕೊನೆಯಲ್ಲಿ ಕಿಕ್ಕೇರಿಯವರು, ಹೌದು ನಾನೇ ತಂದದ್ದು, ಆಮೇಲೆ ಬೂಕನಕೆರೆ ಟೆಂಟಿಗೆ ಕೊಟ್ಟೆ, ಗೇಟು ಕಾಯುತ್ತಿದ್ದವನು ಇನ್ನೂ ಇದ್ದಾನೆ, ಅವನನ್ನು ಕೇಳಿ ಅಂದರು.

ಬೂಕನಕೆರೆಯ ಗೇಟಿನವರ ಹತ್ತಿರ ತುಂಡು ಇತ್ತು. ಬಿಸ್ಕತ್ತಿನ ಡಬ್ಬದಲ್ಲಿ, ಹಳೇ ಬಟ್ಟೆ ಸುತ್ತಿ, ಕಾಪಾಡಿದ್ದರು. ಕೊಡಲು ಒಪ್ಪಲಿಲ್ಲ. "ನಮ್ಮೋಳು ಆ ಅಜ್ಜಿ ಬಂದ್ರೆ ಸಾಕು, ಬಿದ್ ಬಿದ್ ನಗಾಳು. ಟೆಂಟು ಕೀಳೋವಾಗ ಕತ್ತರಿಸ್ಕಂಡು ಬಂದೆ. ಅವಳೂ ಓಗ್ಬುಟ್ಲು. ಇದ ಕೊಡಾಕಿಲ್ಲ ಕಣಣ್ಣ."

ನಾನು ಬಾಯಿ ತೆಗೆದೆ, ವಾದ ಮಾಡಲು. ಆಪರೇಟ್ರು ನನ್ನ ಮೊಣಕೈ ಒತ್ತಿದರು. "ಮಡಿಕ್ಕಳಪ್ಪ. ನಿಂದೇ. ಆದ್ರೆ ಇದೊಂದೇ ಉಳ್ದಿರಾದು ಅಂತ ಏಳಾಕೆ ಬಂದೆ. ಡಬ್ಬದೊಳಗೆ ಆ ಅಜ್ಜಿ ಯಾರ್ನೂ ನಗ್ಸಾಕಿಲ್ಲ." ಎದ್ದು ಬಂದುಬಿಟ್ಟರು. ದಾರಿಯುದ್ದಕ್ಕೂ ಅವರನ್ನು ಬೈದೆ, ಇಷ್ಟು ವರ್ಷ ಹುಡುಕಿದ್ದು ಬಿಟ್ಟು ಬರುವುದಕ್ಕಾ ಎಂದು. ಹದಿನೈದು ದಿನದ ಮೇಲೆ ಗೇಟಿನವರು ತಾವೇ ಬಸ್ಸು ಹತ್ತಿ, ತರಕಾರಿ ಚೀಲದಲ್ಲಿ ಡಬ್ಬ ಇಟ್ಟುಕೊಂಡು ಪಾಂಡವಪುರಕ್ಕೆ ಬಂದರು.

ತುಂಡನ್ನು ಆಪರೇಟ್ರು ತಾವೇ ಅಂಟಿಸಬಹುದಿತ್ತು. ಅಂಟಿಸಲಿಲ್ಲ. "ಒಂದ್ಸಲ ಕೈ ಆಕಿ ಕೆಡಿಸಿದ್ದು ಸಾಕು. ಓದಿರೋರು ಸೇರಿಸ್ಲಿ." ಊರಿನ ಯಾರೋ ಹೇಳಿ, ನಗರದ ಒಂದು ಚಲನಚಿತ್ರ ಸಂಗ್ರಹಾಲಯದ ನಿರ್ದೇಶಕರು ಕಾರಿನಲ್ಲಿ ಬಂದರು. ಪ್ರಿಂಟು, ತುಂಡು, ಜೊತೆಗೆ ಆಪರೇಟ್ರು ನೋಟ್‌ಬುಕ್ಕಿನಿಂದ ಹರಿದು ಬರೆದ ಎಂಟು ಹಾಳೆ ಕೊಂಡೊಯ್ದರು. ಆ ಹಾಳೆಗಳನ್ನು ನಾನು ಓದಿದ್ದೇನೆ. ಮೊದಲ ಸಾಲು: "ಈ ಸಿನಿಮಾ ಕೆಡಿಸಿದವನು ನಾನು." ಆಮೇಲೆ ಪ್ರತಿ ಜಾಯಿಂಟಿನ ಲೆಕ್ಕ, ಯಾವುದು ಯಾರ ಕೈ, ಯಾವ ಊರು. ಎರಡನೇ ಹಾಳೆಯಲ್ಲಿ, ಕೆಳಗೆ ಗೆರೆ ಎಳೆದು, ಹೀಗಿತ್ತು: ತುಂಡಿನ ತಲೆಯ ಹತ್ತಿರ ಹನ್ನೊಂದು ಎಂದು ಗೀಚಿರುವುದು ಕಾಣುತ್ತದೆ, ಅದನ್ನು ನಂಬಬೇಡಿ, ಅದು ನಾಗಮಂಗಲದವನು ಪೌರಾಣಿಕ ಸಿನಿಮಾಗೆ ಹಾಕಿಕೊಂಡ ನಂಬರು, ಈ ತುಂಡಿನ ಜಾಗ ಒಂಬತ್ತನೇ ರೀಲು.

ಝೆರಾಕ್ಸ್ ಮಾಡಿಸೋಣ ಅಂದೆ. "ತಪ್ಪೊಪ್ಕಂಡಿದ್ಕೂ ಕಾಪಿ ಬೇಕಾ?" ಅಂದರು. ನಾನು ಮಾಡಿಸಲಿಲ್ಲ. ಎದುರಾಳಿಯ ಕೈಗೆ ಕೊಡುವ ಕಾಗದಕ್ಕೆ ಪ್ರತಿ ಇಟ್ಟುಕೋ ಎಂದು ಜೂನಿಯರ್ ಹುಡುಗಿಯರಿಗೆ ಪಾಠ ಮಾಡುತ್ತಿದ್ದವಳು ನಾನೇ. ಈ ಕೋಪದಲ್ಲಿ ನನ್ನ ಪಾಲೂ ಇದೆ.

ಮುಂದಿನ ವರ್ಷ ನಗರದಲ್ಲಿ ಪ್ರದರ್ಶನ. ದೀಪ ಬೆಳಗಿಸಿದರು, ಭಾಷಣ ಆಯಿತು. ಆಪರೇಟ್ರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು, ಪಕ್ಕದಲ್ಲಿ ನಾನು. ಬದುಕಿನಲ್ಲಿ ಮೊದಲ ಸಲ ಅವರು ಕೂತು ಸಿನಿಮಾ ನೋಡುತ್ತಿದ್ದರು. ಪ್ರಿಂಟನ್ನು ತೊಳೆದು ಫಳಫಳ ಮಾಡಿದ್ದರು, ಒಂದು ಗೀರಿಲ್ಲ, ಒಂದು ಜಾಯಿಂಟು ಕಾಣುವುದಿಲ್ಲ. ಒಂಬತ್ತನೇ ರೀಲು ಬಂತು. ತೊಟ್ಟಿಲು ಬರಲಿಲ್ಲ. ಅಳಿಯನ ಕೆನ್ನೆಯಲ್ಲಿ ಬೊಟ್ಟು ಬಂತು, ಕೆ.ಆರ್. ಪೇಟೆಯಲ್ಲಿ ಬಂದಹಾಗೆಯೇ, ಸುಮ್ಮಸುಮ್ಮನೆ. ಹನ್ನೊಂದನೇ ರೀಲಿನಲ್ಲಿ, ಬೊಟ್ಟಿಟ್ಟುಕೊಂಡು ಮನೆಯೆಲ್ಲ ಸುತ್ತಾಡಿ ಮುಗಿದ ಮೇಲೆ, ಅಳಿಯ ಬೊಟ್ಟಿಲ್ಲದ ಕೆನ್ನೆಯಲ್ಲಿ ತೊಟ್ಟಿಲು ಹತ್ತಿದ, ಅಜ್ಜಿ ಆಗ ಬೊಟ್ಟಿಟ್ಟಳು.

"ಅಲ್ಲಿಗಲ್ಲ ಅದು!" ಆಪರೇಟ್ರು ಎದ್ದು ನಿಂತರು. "ಅಲ್ಲಿಗಲ್ಲ ಕಣ್ರಪ್ಪ!"

"ಅಜ್ಜಾ, ಕೂತ್ಕೊಳ್ಳಿ," ಮುಂದಿನ ಸಾಲಿನಿಂದ ಯಾರೋ ಅಂದರು.

ಹಂಚಿದ ಕಿರುಪುಸ್ತಕದಲ್ಲಿ ವಿದ್ವಾಂಸರೊಬ್ಬರು ಈ ಬೊಟ್ಟಿನ ಮೇಲೇ ಒಂದೂವರೆ ಪುಟ ಬರೆದಿದ್ದರು. ಕಾರಣಕ್ಕಿಂತ ಮೊದಲೇ ಪರಿಣಾಮ ಬರುವುದು ಆ ಕಾಲವನ್ನು ಮೀರಿದ ಅಸಂಗತ ಪ್ರಯೋಗವಂತೆ. ಎಂಟು ಹಾಳೆಯ ಸುದ್ದಿ ಎಲ್ಲೂ ಇಲ್ಲ. "ಗ್ರಾಮೀಣ ವ್ಯಕ್ತಿಯೊಬ್ಬರ ಹಳೇ ಸಾಮಾನಿನ ನಡುವೆ ದೊರೆತದ್ದು" ಎಂದು ಒಂದು ಸಾಲು.

ಹೊರಗೆ ನಿರ್ದೇಶಕರನ್ನು ಹಿಡಿದೆವು. ಅವರು ಕೆಟ್ಟವರಂತೆ ಮಾತಾಡಲಿಲ್ಲ, ಅದೇ ಕಷ್ಟ. ಆಪರೇಟ್ರ ಭುಜದ ಮೇಲೆ ಕೈಯಿಟ್ಟರು. "ಯಜಮಾನ್ರೇ, ನೀವೇ ಕತ್ತರಿಸಿದ್ದು ಅಂತ ಬರೆದಿದ್ರಲ್ಲ, ಅದನ್ನ ಹಾಕಿದ್ರೆ ಜನ ಏನಂತಾರೆ? ನಿಮ್ಮ ಮರ್ಯಾದೆಗೋಸ್ಕರ ನಾವೇ ಬಿಟ್ವಿ."

"ನನ್ ಮರ್ವಾದೆ ನಾನು ನೋಡ್ಕತೀನಿ ಸಾ. ತೊಟ್ಲು ಒಂಬತ್ನೇ ರೀಲು."

"ತುಂಡಿನ ಮೇಲೇ ಹನ್ನೊಂದು ಅಂತ ಇತ್ತಲ್ಲ."

"ಅದು ನಮ್ಮೋನು ಗೀಚಿದ್ದು ಸಾ. ನಾನು ಬರ್ದಿವ್ನಲ್ಲ, ಎಲ್ಡನೇ ಆಳೇಲಿ."

ನಿರ್ದೇಶಕರು ಗಡಿಯಾರ ನೋಡಿಕೊಂಡರು. "ನೋಡೋಣ," ಅಂದರು.

ಅವರು ಮೊದಲ ಹಾಳೆ ಓದಿ ಮಡಚಿಟ್ಟಿದ್ದರು. ತಪ್ಪೊಪ್ಪಿಗೆ ಕಂಡಿತು, ಅದನ್ನು ದಯೆಯಿಂದ ಮುಚ್ಚಿದರು, ಮುಚ್ಚುವಾಗ ಅದರ ಹಿಂದಿದ್ದ ಸತ್ಯವನ್ನೂ ಮುಚ್ಚಿದರು. ಅಪರಾಧ ಒಪ್ಪಿಕೊಂಡ ಮುದುಕನ ಮಾತನ್ನು ಸಾಕ್ಷಿ ಎಂದು ಓದಲು ಅವರಿಗೆ ಹೊಳೆಯಲೇ ಇಲ್ಲ. ಮುಗ್ಧ ಗ್ರಾಮೀಣ ಎಂದು ಮೊದಲೇ ತೀರ್ಮಾನಿಸಿದ ಮೇಲೆ ಅವನಿಗೆ ರೀಲಿನ ನಂಬರು ಗೊತ್ತಿರಲು ಹೇಗೆ ಸಾಧ್ಯ?

ಸಂಗ್ರಹಾಲಯಕ್ಕೆ ಮೂರು ಕಾಗದ ಬರೆದೆವು. ಆಪರೇಟ್ರು ಹೇಳಿದರು, ನಾನು ಬರೆದೆ. ಮೊದಲನೆಯದಕ್ಕೆ "ಪರಿಶೀಲನೆಯಲ್ಲಿದೆ" ಎಂದು ಬಂತು. ಉಳಿದೆರಡಕ್ಕೆ ಅದೂ ಇಲ್ಲ. ಆಪರೇಟ್ರು ನನ್ನ ಹಾಗೆ ಕೂಗಾಡಲಿಲ್ಲ. ಆದರೆ ಬೂಕನಕೆರೆಯ ಗೇಟಿನವರ ಫೋನು ಬಂದರೆ ಎತ್ತುತ್ತಿರಲಿಲ್ಲ. "ಏನಂತ ಏಳ್ಲಿ ಅವನ್ಗೆ?" ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಗೋಡೆಗೆ ಒರಗಿದವರು ಏಳಲಿಲ್ಲ.

ಶ್ರದ್ಧಾಂಜಲಿ ಸಭೆ ಶ್ರೀರಂಗಪಟ್ಟಣದಲ್ಲಿ ನಡೆಯಿತು. ನಿರ್ದೇಶಕರೇ ಮುಖ್ಯ ಭಾಷಣ. ಮುಗ್ಧತೆ, ಅದೃಷ್ಟ, ಹಳೇ ಸಾಮಾನು, ಎಲ್ಲ ಬಂತು. ನಾಗಮಂಗಲದ ಆಕೆ, ಕಿಕ್ಕೇರಿಯವರು, ಬೂಕನಕೆರೆಯ ಗೇಟಿನವರು ಒಂದೇ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು. ಭಾಷಣ ಮುಗಿದಾಗ ನಾನು ಕೈ ಎತ್ತಿದೆ.

ಸಂಘಟಕರು ಓಡಿ ಬಂದರು. "ಸಂತಾಪ ಸಭೆ ಕಣಮ್ಮ, ಡಿಬೇಟ್ ಅಲ್ಲ."

"ಕೇಳ್ಲಿ ಬುಡಪ್ಪ, ನಿಂಗೇನು ಕಷ್ಟ," ಕಿಕ್ಕೇರಿಯವರು ಕೂತಲ್ಲಿಂದಲೇ ಅಂದರು.

ಎಂಟು ಹಾಳೆ ಎಲ್ಲಿದೆ ಎಂದು ಕೇಳಿದೆ. ಕಡತದಲ್ಲಿ ಇರಬೇಕು ಅಂದರು ನಿರ್ದೇಶಕರು. ಎರಡನೇ ಹಾಳೆ ಓದಿದ್ದೀರಾ ಎಂದು ಕೇಳಿದೆ. ಅವರು ನೀರು ಕುಡಿದರು. ತೊಟ್ಟಿಲಿನ ವಿಚಾರ ತಮಗೆ ಆಮೇಲೆ ಮನವರಿಕೆ ಆಯಿತು, ಆದರೆ ಪ್ರತಿಗಳು ಆಗಲೇ ಎಲ್ಲೆಡೆ ಹೋಗಿವೆ, ಈಗ ಬದಲಾಯಿಸಿದರೆ ಸಂಸ್ಥೆಯ ಹೆಸರಿನ ಪ್ರಶ್ನೆ ಅಂದರು. ಮೂರು ಜನರೂ ಬೆಂಚಿನಿಂದ ಅವರನ್ನೇ ನೋಡುತ್ತಿದ್ದರು. ನಾನು ಇನ್ನೊಂದೇ ಕೇಳಿ ಕೂತೆ.

"ಸಾರ್, ತಾನು ಒಂದು ಸಿನಿಮಾ ಕೆಡಿಸಿದ್ದೇನೆ ಅಂತ ಗೊತ್ತಾದ ಮಾರನೇ ದಿನವೇ ಈ ಮನುಷ್ಯ ಬಸ್ಸು ಹತ್ತಿದರು. ನಿಮಗೆ ಗೊತ್ತಾಗಿದೆ. ನೀವು ಯಾವತ್ತು ಹೊರಡ್ತೀರಿ?"